ಪಟ್ಟಣದ ತೀರ್ಮಾನಕ್ಕೂ ತೆಂಗಿನ ತೋಟಕ್ಕೂ ಏನು ಸಂಬಂಧ?

ತಿಪಟೂರಿನ ನಗರಸಭೆಯಲ್ಲಿ ಹೊಸ ಕೊಳವೆ ಹಾಕುವ ತೀರ್ಮಾನವಾದರೆ ನೊಣವಿನಕೆರೆ ಕಡೆಯ ತೋಟದವರಿಗೆ ಏನಾಗಬೇಕು? ತುರುವೇಕೆರೆಯ ಪಟ್ಟಣ ಪಂಚಾಯಿತಿ ಕಸ ಸುರಿಯಲು ಜಾಗ ಹುಡುಕಿದರೆ ಹಳ್ಳಿಯವರು ಏಕೆ ತಲೆ ಕೆಡಿಸಿಕೊಳ್ಳಬೇಕು? ಚಿಕ್ಕನಾಯಕನಹಳ್ಳಿಯ ಪುರಸಭೆಯ ಆಯವ್ಯಯ ಪಟ್ಟಿಯನ್ನು ಹೊಲ ಉಳುವವನು ಓದಿ ಏನು ಪ್ರಯೋಜನ? ಹೀಗೆ ಕೇಳುವ ರೈತಬಾಂಧವರು ನಮ್ಮ ಕಡೆ ಬಹಳ ಮಂದಿ. "ಅದು ಪೇಟೆಯವರ ಪಾಡು, ನಮಗೆ ನಮ್ಮ ಗ್ರಾಮ ಪಂಚಾಯಿತಿ ಉಂಟು" ಎಂದು ಅವರು ಸುಮ್ಮನಾಗುತ್ತಾರೆ.

ಆದರೆ ಪಟ್ಟಣಕ್ಕೆ ಬರುವ ನೀರು ಹಳ್ಳಿಯ ಮೇಲೆಯೇ ಹಾದು ಬರುತ್ತದೆ. ಪಟ್ಟಣದಿಂದ ಹೊರಡುವ ಕೊಳಚೆಯೂ ಹಳ್ಳಿಯ ಕಡೆಗೇ ಇಳಿಯುತ್ತದೆ. ಪಟ್ಟಣದ ಕಸ ಹೋಗಿ ಬೀಳುವುದು ಊರಾಚೆಯ ಗೋಮಾಳದಲ್ಲಿ. ಪಟ್ಟಣ ಬೆಳೆದಂತೆ ಅದರ ಗಡಿಕಲ್ಲು ತೋಟದ ಬೇಲಿಯತ್ತ ಸರಿಯುತ್ತದೆ. ಹೀಗಿರುವಲ್ಲಿ ಪಟ್ಟಣದ ಸಭೆಯಲ್ಲಿ ಕೈಯೆತ್ತುವವರು ಯಾರು, ಯಾವುದಕ್ಕೆ ಎತ್ತುತ್ತಾರೆ ಎಂಬುದನ್ನು ರೈತರು ತಿಳಿದಿರುವುದು ಅಗತ್ಯ.

ಮೂರು ಊರು, ಮೂರು ಬಗೆಯ ಸಂಸ್ಥೆ

ನಮ್ಮ ತೆಂಗಿನ ಸೀಮೆಯ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಮೂರು ಬಗೆಯ ಸ್ಥಳೀಯ ಸಂಸ್ಥೆಗಳಿವೆ. ತಿಪಟೂರಿನಲ್ಲಿ ನಗರಸಭೆ, ಚಿಕ್ಕನಾಯಕನಹಳ್ಳಿಯಲ್ಲಿ ಪುರಸಭೆ, ತುರುವೇಕೆರೆಯಲ್ಲಿ ಪಟ್ಟಣ ಪಂಚಾಯಿತಿ. ಮೂರಕ್ಕೂ ಆಧಾರ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ. ಜನಸಂಖ್ಯೆ 10 ಸಾವಿರದಿಂದ 20 ಸಾವಿರದವರೆಗೆ ಇದ್ದರೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ ಎಂಬುದು ಸ್ಥೂಲವಾದ ಲೆಕ್ಕ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಈ ಸಂಸ್ಥೆಗಳಿಗೆ ಹೊಸ ಬಲ ಕೊಟ್ಟಿತು. ನೀರು ಸರಬರಾಜು, ರಸ್ತೆ, ನೈರ್ಮಲ್ಯ, ಕಸ ವಿಲೇವಾರಿ, ಊರಿನ ಯೋಜನೆ ಮೊದಲಾದ 18 ವಿಷಯಗಳನ್ನು 12ನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಲಾಯಿತು.

ಕಾಗದದ ಮೇಲಿನ ಈ ಅಧಿಕಾರ ಪೂರ್ತಿಯಾಗಿ ಕೈಗೆ ಬಂದಿಲ್ಲ ಎಂಬುದೂ ನಿಜ. ಉದಾಹರಣೆಗೆ, ನೀರು ಸರಬರಾಜು ಮತ್ತು ಒಳಚರಂಡಿಯ ದೊಡ್ಡ ಕಾಮಗಾರಿಗಳನ್ನು ಸಾಮಾನ್ಯವಾಗಿ ಮಾಡಿಸುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. 1973ರ ಅಧಿನಿಯಮದ ಮೇರೆಗೆ ಹುಟ್ಟಿದ ಸಂಸ್ಥೆ ಇದು. ಕಾಮಗಾರಿ ಮುಗಿದ ಮೇಲೆ ಅದನ್ನು ನಡೆಸುವ ಹೊಣೆ ಊರಿನ ಸಂಸ್ಥೆಗೆ ಬರುತ್ತದೆ. ಕಟ್ಟುವವರು ಒಬ್ಬರು, ನಡೆಸುವವರು ಇನ್ನೊಬ್ಬರು. ಕಟ್ಟಲು ಸರ್ಕಾರದ ಅನುದಾನ ಸಿಗುತ್ತದೆ. ನಡೆಸಲು ಬೇಕಾದ ವಿದ್ಯುತ್ ಬಿಲ್ಲು, ನೌಕರರ ಸಂಬಳ, ಪಂಪಿನ ದುರಸ್ತಿ ಇವಕ್ಕೆ ಊರಿನ ತೆರಿಗೆಯ ಹಣವೇ ಬೇಕು. ಉದ್ಘಾಟನೆಯಾದ ಎಷ್ಟೋ ಯೋಜನೆಗಳು ಕೆಲವು ವರ್ಷಗಳಲ್ಲೇ ಮಂಕಾಗುವುದಕ್ಕೆ ಇದೇ ಒಂದು ಮುಖ್ಯ ಕಾರಣ.

ನೀರು ಬರುವ ದಾರಿ

ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಅಲ್ಲಿಂದ ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರು ನಾಲೆಗೆ ನೀರು ಬರತೊಡಗಿದ ಮೇಲೆ ಈ ಸೀಮೆಯ ಚಿತ್ರವೇ ಬದಲಾಯಿತು. ನಾಲೆಯ ನೀರು ಗದ್ದೆಗೆ ಎಂದು ಮೊದಲು ಎಣಿಸಿದ್ದರೂ ಈಗ ಅದರ ಮುಖ್ಯ ಉಪಯೋಗ ಕೆರೆ ತುಂಬಿಸುವುದು ಮತ್ತು ಕುಡಿಯುವ ನೀರು. ತಿಪಟೂರು ನಗರ ಹೇಮಾವತಿಯ ನೀರನ್ನು ಈಚನೂರು ಕೆರೆಯಲ್ಲಿ ಶೇಖರಿಸಿಕೊಂಡು ಬಳಸುತ್ತದೆ. ಹೊನ್ನವಳ್ಳಿ ಏತ ನೀರಾವರಿಯಂಥ ಯೋಜನೆಗಳು ಎತ್ತರದ ಹಳ್ಳಿಗಳ ಕೆರೆಗಳಿಗೆ ಇದೇ ನೀರನ್ನು ಏರಿಸುತ್ತವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆರೆಗಳಿಗೂ ಹೇಮಾವತಿ ಬರಬೇಕೆಂಬುದು ಅಲ್ಲಿನ ಜನರ ಬಹುಕಾಲದ ಬೇಡಿಕೆ.

ಮಳೆ ಕೈಕೊಟ್ಟ ವರ್ಷ ನಾಲೆಗೆ ನೀರು ಬಿಡುವ ದಿನಗಳು ಕಡಿಮೆಯಾಗುತ್ತವೆ. ಆಗ ಕುಡಿಯುವ ನೀರಿಗೆ ಮೊದಲ ಪಾಲು. 1987ರ ರಾಷ್ಟ್ರೀಯ ಜಲನೀತಿಯಿಂದ ಇದು ಒಪ್ಪಿಕೊಂಡ ಮಾತು, ಯಾರೂ ಆಕ್ಷೇಪಿಸುವಂಥದ್ದಲ್ಲ. ಆದರೆ ಎಷ್ಟು ನೀರು ಎಂಬ ಪ್ರಶ್ನೆ ಉಳಿಯುತ್ತದೆ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಎಂಜಿನಿಯರುಗಳ ಅಳತೆ. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಹಳ್ಳಿಯವನಿಗೆ ಗೊತ್ತುಮಾಡಿದ್ದು 55 ಲೀಟರ್. ಪಟ್ಟಣದಲ್ಲಿ ಒಡೆದ ಕೊಳವೆಯಿಂದ ನೀರು ಬೀದಿಗೆ ಹರಿದು ಪೋಲಾಗುತ್ತಿದ್ದರೆ, ಅದು ಯಾವುದೋ ಕೆರೆ ತುಂಬಿಸಬಹುದಾಗಿದ್ದ ನೀರು. ಆದ್ದರಿಂದ ಹಳೆಯ ಕೊಳವೆ ಬದಲಿಸುವುದು, ಮೀಟರು ಹಾಕುವುದು, ಸೋರಿಕೆ ತಡೆಯುವುದು ಇವು ಪೇಟೆಯವರ ಸೌಕರ್ಯಕ್ಕೆ ಮಾತ್ರ ಸಂಬಂಧಿಸಿದ ಕೆಲಸಗಳಲ್ಲ. 2021ರ ಅಕ್ಟೋಬರ್ 1ರಂದು ಆರಂಭವಾದ ಕೇಂದ್ರದ ಅಮೃತ್ ಯೋಜನೆಯ ಎರಡನೆಯ ಹಂತ ಚಿಕ್ಕ ಪಟ್ಟಣಗಳ ನೀರು ಸರಬರಾಜನ್ನೂ ಒಳಗೊಂಡಿತು. ಇಂಥ ಹಣ ಬಂದಾಗ ಹೊಸ ನೀರು ತರಲು ಎಷ್ಟು, ಇರುವ ನೀರು ಉಳಿಸಲು ಎಷ್ಟು ಎಂದು ಕೇಳುವ ಹಕ್ಕು ನಾಲೆಯ ಉದ್ದಕ್ಕೂ ಇರುವ ರೈತನಿಗೂ ಇದೆ.

ನೀರು ಹೋಗುವ ದಾರಿ

ಬರುವ ನೀರಿನ ಬಗ್ಗೆ ಮಾತನಾಡುವವರು ಬಹಳ, ಹೋಗುವ ನೀರಿನ ಬಗ್ಗೆ ಮಾತನಾಡುವವರು ಕಡಿಮೆ. ತೋಟಗಾರರು ಹೆಚ್ಚು ಗಮನಿಸಬೇಕಾದದ್ದು ಇಲ್ಲಿಯೇ.

ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಬಚ್ಚಲು, ಪಾಯಿಖಾನೆ, ಅಡುಗೆಮನೆಗಳ ಮೂಲಕ ಹೊರಗೆ ಹೋಗುತ್ತದೆ. 2007ರಲ್ಲಿ ಅಂತಿಮ ತೀರ್ಪು ಕೊಟ್ಟ ಕಾವೇರಿ ನ್ಯಾಯಮಂಡಳಿ ಸಹ ಪಟ್ಟಣಗಳು ಬಳಸುವ ನೀರಿನಲ್ಲಿ ನೂರಕ್ಕೆ 20 ಪಾಲು ಮಾತ್ರ ಖರ್ಚಾಗುತ್ತದೆಂದು ಲೆಕ್ಕ ಹಿಡಿಯಿತು. ಉಳಿದದ್ದು ಎಲ್ಲೋ ಒಂದು ಕಡೆ ಮತ್ತೆ ಸೇರಲೇಬೇಕು.

ಒಂದು ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಂತೆ ತಿಪಟೂರಿನ ಜನಸಂಖ್ಯೆ ಸುಮಾರು 60 ಸಾವಿರ. ತಲೆಗೆ 135 ಲೀಟರಿನಂತೆ ದಿನಕ್ಕೆ 81 ಲಕ್ಷ ಲೀಟರ್ ನೀರು ಬೇಕು. ಅದರಲ್ಲಿ 80 ಪಾಲು ಎಂದರೆ ಸುಮಾರು 65 ಲಕ್ಷ ಲೀಟರ್. ಬೇಸಿಗೆಯಲ್ಲಿ ತೆಂಗಿನ ಮರವೊಂದಕ್ಕೆ ದಿನಕ್ಕೆ 100 ಲೀಟರ್ ಎಂದು ಧಾರಾಳವಾಗಿ ಹಿಡಿದರೂ ಇದು 65 ಸಾವಿರ ಮರಗಳಿಗೆ ಸಾಕು. 30 ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ 48 ಮರ ಬರುತ್ತದೆ. ಆ ಪ್ರಕಾರ 1,300 ಎಕರೆಗೂ ಹೆಚ್ಚು ತೋಟದ ನೀರು ಇದು. ಸರಬರಾಜು ಈ ಅಳತೆಯ ಅರ್ಧವೇ ಇದ್ದರೂ 650 ಎಕರೆಗೆ ಸಾಲುತ್ತದೆ. ಮಳೆ ಬರಲಿ ಬಾರದಿರಲಿ, ದಿನವೂ ತಪ್ಪದೆ ಬರುವ ನೀರೆಂದರೆ ಇದೊಂದೇ.

ಶುದ್ಧ ಮಾಡಿದರೆ ಇದು ಭಾಗ್ಯ, ಮಾಡದಿದ್ದರೆ ಶಾಪ. ಶುದ್ಧಿಯಾಗದ ಕೊಳಚೆ ಹಳ್ಳದಲ್ಲಿ ಹರಿದು ಕೆರೆ ಸೇರಿದರೆ ಮೊದಲು ನೀರು ಹಸಿರಾಗಿ ನಾರುತ್ತದೆ, ಜೊಂಡು ಮತ್ತು ಅಂತರಗಂಗೆ ತುಂಬುತ್ತದೆ, ಮೀನು ಸಾಯುತ್ತದೆ. ಆಮೇಲೆ ಸುತ್ತಲಿನ ಬಾವಿ, ಕೊಳವೆ ಬಾವಿಗಳಿಗೂ ದೋಷ ತಗಲುತ್ತದೆ. ದನ ಆ ನೀರನ್ನು ಮುಟ್ಟುವುದಿಲ್ಲ. 1974ರ ಜಲಮಾಲಿನ್ಯ ನಿಯಂತ್ರಣ ಅಧಿನಿಯಮ ಹಳ್ಳಕ್ಕಾಗಲಿ ಬಾವಿಗಾಗಲಿ ಮಲಿನ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಈ ಕಟ್ಟಳೆ ಕಾರ್ಖಾನೆಗಳಿಗೆ ಮಾತ್ರವಲ್ಲ, ಊರಿನ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಕೋಲಾರದಿಂದ ಕಲಿಯಬೇಕಾದ ಪಾಠ

ಬಳಸಿದ ನೀರನ್ನು ಶುದ್ಧಿ ಮಾಡಿ ಕೆರೆಗೆ ತುಂಬಿಸಿದ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಲಕಾಲ ನಿಂತ ನೀರು ಮತ್ತೆ ಹರಿಯಿತು. ಬತ್ತಿದ್ದ ಕೆರೆಗಳು ತುಂಬಿದವು, ಕೊಳವೆ ಬಾವಿಗಳಲ್ಲಿ ನೀರು ಮೇಲೆ ಬಂತು. ಆದರೆ ಎರಡನೆಯ ಹಂತದ ಶುದ್ಧಿ ಸಾಲದು, ಮೂರನೆಯ ಹಂತದ ಶುದ್ಧಿಯೂ ಆಗಬೇಕು ಎಂಬ ಅಲ್ಲಿನ ರೈತರ ಕೂಗು ನಿಲ್ಲಲಿಲ್ಲ.

ಇದರಿಂದ ಎರಡು ಮಾತು ತಿಳಿಯುತ್ತದೆ. ಕೊಳಚೆ ನೀರೂ ಒಣ ಸೀಮೆಗೆ ಸಂಪತ್ತು. ಆದರೆ ಅದು ಯಾವ ಮಟ್ಟಕ್ಕೆ ಶುದ್ಧಿಯಾಗಬೇಕು ಎಂಬುದನ್ನು ನೀರು ಬರುವ ಮುಂಚೆಯೇ ಕೇಳಿ ಬರೆಸಿಕೊಳ್ಳಬೇಕು.

ನಮ್ಮ ಸೀಮೆಗೆ ಒಂದು ಅನುಕೂಲವಿದೆ. ತೆಂಗು ಈ ನೀರಿಗೆ ಹೊಂದುವ ಬೆಳೆ. ಕಾಯಿ ನೆಲದಿಂದ ಬಹಳ ಎತ್ತರದಲ್ಲಿರುತ್ತದೆ, ಸೊಪ್ಪು ತರಕಾರಿಯಂತೆ ನೀರು ತಾಗಿದ ಭಾಗವನ್ನು ಹಸಿಯಾಗಿ ತಿನ್ನುವ ಪ್ರಶ್ನೆ ಇಲ್ಲ. ಶುದ್ಧಿಯಾದ ನೀರನ್ನು ಮರದ ಪಾತಿಗೆ ಬಿಡುವಾಗ ಕೆಲವು ಎಚ್ಚರಿಕೆ ಇರಲಿ. ತೋಟದೊಳಗೆ ಸೊಪ್ಪು, ಸೌತೆ, ಮೂಲಂಗಿ ಮುಂತಾದ ಮಿಶ್ರ ಬೆಳೆಗಳಿಗೆ ಈ ನೀರು ಬೇಡ. ಹನಿ ನೀರಾವರಿಗೆ ಬಳಸುವುದಾದರೆ ಒಳ್ಳೆಯ ಶೋಧಕ ಹಾಕಿ, ಇಲ್ಲವಾದರೆ ರಂಧ್ರಗಳು ಪಾಚಿ ಕಟ್ಟುತ್ತವೆ. ನೀರು ಬಿಡುವ ಕೆಲಸಗಾರರು ಬರಿಗಾಲಿನಲ್ಲಿ ನಿಲ್ಲಬಾರದು. ವರ್ಷಕ್ಕೊಮ್ಮೆಯಾದರೂ ಮಣ್ಣು ಮತ್ತು ನೀರಿನ ಲವಣಾಂಶ ಪರೀಕ್ಷೆ ಮಾಡಿಸಬೇಕು. ಈ ನೀರಿನಲ್ಲಿ ಸ್ವಲ್ಪ ಸಾರಜನಕ, ರಂಜಕಗಳಿದ್ದರೂ ತೆಂಗಿಗೆ ಹೆಚ್ಚಾಗಿ ಬೇಕಾದ ಪೊಟ್ಯಾಷನ್ನು ಪ್ರತ್ಯೇಕವಾಗಿ ಕೊಡಲೇಬೇಕು. ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನು ಈ ಬಗ್ಗೆ ಕೇಳಬಹುದು.

ಚಿಕ್ಕ ಪಟ್ಟಣಕ್ಕೆ ಚಿಕ್ಕ ಉಪಾಯ

ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಮನೆಗೊಂದು ಗುಂಡಿ ಇರುತ್ತದೆ. ಅದು ತುಂಬಿದಾಗ ಹೀರುವ ಟ್ಯಾಂಕರು ಬರುತ್ತದೆ. ಆ ಟ್ಯಾಂಕರು ಎಲ್ಲಿ ಖಾಲಿಯಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ರಾತ್ರಿ ಹೊತ್ತು ಹಳ್ಳದಲ್ಲೋ ಕೆರೆಯಂಗಳದಲ್ಲೋ ಸುರಿದು ಹೋದರೆ ಅನುಭವಿಸುವವರು ಹಳ್ಳಿಯವರು.

ದೇವನಹಳ್ಳಿ ಪಟ್ಟಣದಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಸಂಸ್ಕರಣಾ ಘಟಕ ಆರಂಭವಾಯಿತು. ಪಟ್ಟಣದ ಅಳತೆಯಲ್ಲಿ ಕಟ್ಟಿದ ಇಂಥ ಘಟಕ ದೇಶದಲ್ಲಿ ಅದೇ ಮೊದಲನೆಯದು. ಗುಂಡಿಗಳಿಂದ ತಂದ ಮಡ್ಡಿಯನ್ನು ಅಲ್ಲಿ ಕೊಳೆಯಿಸಿ, ಒಣಗಿಸಿ, ಪಟ್ಟಣದ ಹಸಿ ಕಸದೊಂದಿಗೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಅದನ್ನು ರೈತರು ಬಳಸಿದ್ದಾರೆ. ಕೋಟಿಗಟ್ಟಲೆ ರೂಪಾಯಿಯ ಒಳಚರಂಡಿಗಾಗಿ ವರ್ಷಗಟ್ಟಲೆ ಕಾಯುವುದಕ್ಕಿಂತ ಇಂಥ ಘಟಕವೊಂದನ್ನು ಮೊದಲು ಮಾಡಿಕೊಳ್ಳುವುದು ಚಿಕ್ಕ ಪಟ್ಟಣಗಳಿಗೆ ಜಾಣತನದ ದಾರಿ.

ಕಸದ ಮಾತೂ ಇದೇ. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿದರೆ ಹಸಿ ಕಸ ಗೊಬ್ಬರವಾಗುತ್ತದೆ. ಬೆರೆಸಿದರೆ ಗಾಜು, ಪ್ಲಾಸ್ಟಿಕ್ಕು, ಸೂಜಿ ಎಲ್ಲವೂ ತೋಟಕ್ಕೆ ಬರುತ್ತವೆ. ಅಂಥ ಗೊಬ್ಬರವನ್ನು ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳಬಾರದು. ಕಸ ಹಾಕುವ ಜಾಗವನ್ನು ಆರಿಸುವಾಗ ಅದು ಯಾವ ಕೆರೆಯ ಮೇಲ್ಭಾಗದಲ್ಲಿದೆ, ಮಳೆ ಬಂದರೆ ಅಲ್ಲಿಯ ರಸ ಎತ್ತ ಇಳಿಯುತ್ತದೆ ಎಂಬುದನ್ನು ಸುತ್ತಲಿನ ಹಳ್ಳಿಯವರೇ ಚೆನ್ನಾಗಿ ಬಲ್ಲರು. ಅವರನ್ನು ಕೇಳದೆ ಜಾಗ ಗೊತ್ತುಮಾಡಿದಲ್ಲಿ ಜಗಳ ಖಂಡಿತ.

ಮಾರುಕಟ್ಟೆಯ ಹಾದಿ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹೆಸರು ದೇಶಕ್ಕೆಲ್ಲ ಗೊತ್ತು. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾದು ಒಣಗಿದ ಉಂಡೆ ಕೊಬ್ಬರಿಯನ್ನು ರೈತ ಅಲ್ಲಿಗೆ ತರುತ್ತಾನೆ. ಪ್ರಾಂಗಣದ ಒಳಗಿನ ರಸ್ತೆ, ಗೋದಾಮು, ದೀಪ ಇವು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಹೊಣೆ. ಗೇಟಿನಿಂದ ಹೊರಗೆ ಬಂದರೆ ಬಿ.ಎಚ್. ರಸ್ತೆ ಹೆದ್ದಾರಿಯವರದು, ಓಣಿ ಮತ್ತು ಚರಂಡಿ ನಗರಸಭೆಯವು. ದೂರು ಕೊಡುವ ಮುಂಚೆ ಇದನ್ನು ತಿಳಿದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ.

2024ರ ಆರಂಭದಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸರದಿಯಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಅಂಥ ದಿನಗಳಲ್ಲಿ ಪಟ್ಟಣದಲ್ಲಿ ಕುಡಿಯುವ ನೀರು, ಶೌಚಾಲಯ, ತಂಗಲು ನೆರಳು ಇವೆಯೇ ಇಲ್ಲವೇ ಎಂಬುದು ದೊಡ್ಡ ವಿಷಯವಾಗುತ್ತದೆ. ಪಟ್ಟಣದ ವ್ಯಾಪಾರ ನಡೆಯುವುದೇ ಹಳ್ಳಿಯವನ ಕೊಬ್ಬರಿಯಿಂದ. ಆತನಿಗೆ ಇಷ್ಟು ಸೌಕರ್ಯ ಮಾಡಿಕೊಡುವುದು ಉಪಕಾರವಲ್ಲ, ಕರ್ತವ್ಯ.

ಗಣಿಯ ಹಣ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಥೆ ಸ್ವಲ್ಪ ಬೇರೆ. ಕಬ್ಬಿಣದ ಅದಿರಿನ ಲಾರಿಗಳು ಅಲ್ಲಿನ ರಸ್ತೆ, ತೋಟ, ಕೆರೆಗಳನ್ನು ಕೆಂಪು ಧೂಳಿನಲ್ಲಿ ಮುಳುಗಿಸಿದ್ದವು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಹಾನಿಯಾದ ಪ್ರದೇಶವನ್ನು ಸರಿಪಡಿಸಲು ಪ್ರತ್ಯೇಕ ವ್ಯವಸ್ಥೆ ಮಾಡಬೇಕೆಂದಿತು. ಅದರಂತೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. 2022ರಲ್ಲಿ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆಗೆ ನ್ಯಾಯಾಲಯದ ಒಪ್ಪಿಗೆ ದೊರೆಯಿತು. ಇದು ಗಣಿಗಾರಿಕೆಯಿಂದ ಬಾಧಿತವಾದ ಜಿಲ್ಲೆಗಳಿಗೆಲ್ಲ ಸೇರಿದ ಮೊತ್ತ.

ಇಷ್ಟು ಹಣ ಬರುವಾಗ ಕೆಲಸಗಳ ಪಟ್ಟಿಯನ್ನು ಯಾರು ಬರೆಯುತ್ತಾರೆ ಎಂಬುದೇ ಮುಖ್ಯ. ಕಟ್ಟಡ ಮತ್ತು ಕಮಾನುಗಳು ಬೇಗ ಕಣ್ಣಿಗೆ ಬೀಳುತ್ತವೆ. ಅದಿರಿನ ಹೂಳು ತುಂಬಿದ ಕೆರೆ, ಮುಚ್ಚಿಹೋದ ರಾಜಕಾಲುವೆ, ಧೂಳಿನ ದಾರಿಯ ಪಕ್ಕದ ಶಾಲೆ ಇವು ಕೇಳಿದರೆ ಮಾತ್ರ ಪಟ್ಟಿಗೆ ಸೇರುತ್ತವೆ. ಆ ತಾಲ್ಲೂಕಿನ ಪ್ರತಿ ಗ್ರಾಮಸಭೆಯೂ ತನ್ನ ಊರಿನ ಹಾನಿಯ ಪಟ್ಟಿಯನ್ನು ಸರ್ವೆ ನಂಬರಿನ ಸಮೇತ ಬರೆದಿಡುವುದು ಒಳ್ಳೆಯದು.

ಗಡಿ ಸರಿದಾಗ

ಪಟ್ಟಣ ಬೆಳೆದಾಗ ಪಕ್ಕದ ಹಳ್ಳಿಗಳನ್ನು ಸೇರಿಸಿಕೊಳ್ಳುವ ಮಾತು ಬರುತ್ತದೆ. ಸೇರಿದರೆ ಬೀದಿದೀಪ, ಕೊಳವೆ ನೀರು, ಜಮೀನಿಗೆ ಬೆಲೆ ಸಿಗಬಹುದು. ಆದರೆ ಗ್ರಾಮಸಭೆ ಇರುವುದಿಲ್ಲ, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಸಿಗುವುದಿಲ್ಲ, ಮನೆಯ ತೆರಿಗೆಯ ದರ ಬದಲಾಗುತ್ತದೆ. ನಗರ ಯೋಜನೆಯ ನಕ್ಷೆಯಲ್ಲಿ ನಿಮ್ಮ ತೋಟದ ಮೇಲೆ ರಸ್ತೆಯ ಗೆರೆ ಬಿದ್ದಿರಲೂಬಹುದು. ಇಂಥ ಬದಲಾವಣೆಗೆ ಮೊದಲು ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆಗೆ ಅವಕಾಶ ಕೊಡುವುದು ಕ್ರಮ. ಅದರಲ್ಲಿ ಸೂಚಿಸಿದ ದಿನದೊಳಗೆ ಬರೆದುಕೊಟ್ಟ ಒಂದು ಪುಟ ಅರ್ಜಿಗೆ ಇರುವ ಬೆಲೆ, ಆಮೇಲೆ ಮಾಡುವ ಹತ್ತು ಧರಣಿಗಳಿಗೆ ಇರುವುದಿಲ್ಲ.

ರೈತನು ಎಲ್ಲಿ ಮಾತನಾಡಬೇಕು?

ಪಟ್ಟಣದ ಚುನಾವಣೆಯಲ್ಲಿ ಹಳ್ಳಿಯವನಿಗೆ ಮತವಿಲ್ಲ. ಆದರೂ ದಾರಿಗಳಿವೆ.

ಒಂದು: ಕ್ಷೇತ್ರದ ಶಾಸಕರು ಮತ್ತು ಲೋಕಸಭಾ ಸದಸ್ಯರು ತಮ್ಮ ವ್ಯಾಪ್ತಿಯ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಸದಸ್ಯರೂ ಆಗಿರುತ್ತಾರೆ. ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವೂ ಇದೆ. ಹಳ್ಳಿಯ ಮತ ಪಡೆದವರು ಪಟ್ಟಣದ ಸಭೆಯಲ್ಲಿ ಕುಳಿತಿರುತ್ತಾರೆ ಎಂದಾಯಿತು. ಅವರಿಗೆ ವಿಷಯ ಮುಟ್ಟಿಸಿ.

ಎರಡು: ಗ್ರಾಮಸಭೆಯ ನಿರ್ಣಯ. "ಪಟ್ಟಣದ ಕೊಳಚೆ ನಮ್ಮ ಕೆರೆಗೆ ಬರುತ್ತಿದೆ" ಎಂದು ಬಾಯಲ್ಲಿ ಹೇಳುವುದಕ್ಕಿಂತ ನಿರ್ಣಯ ಬರೆದು, ನೀರಿನ ಪರೀಕ್ಷೆಯ ವರದಿ ಸೇರಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗೂ ಕಳಿಸುವುದು ಮೇಲು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿಗೆ ಸೇರಿದ್ದು. ಒಂದು ಪ್ರತಿ ಅವರಿಗೂ ಹೋಗಲಿ.

ಮೂರು: ಮಾಹಿತಿ ಹಕ್ಕು. 2005ರ ಅಧಿನಿಯಮದಂತೆ 10 ರೂಪಾಯಿ ಶುಲ್ಕ ಕಟ್ಟಿ ಸಭೆಯ ನಡವಳಿ, ಟೆಂಡರಿನ ವಿವರ, ಶುದ್ಧೀಕರಣ ಘಟಕದ ವಿದ್ಯುತ್ ಬಿಲ್ಲು ಇವುಗಳ ನಕಲನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕು. ಘಟಕ ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ವಿದ್ಯುತ್ ಬಿಲ್ಲಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ನಾಲ್ಕು: ಆಯವ್ಯಯಕ್ಕೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆಗಳು ನಡೆಯುತ್ತವೆ. ಹಣಕಾಸಿನ ವರ್ಷ ಏಪ್ರಿಲ್ 1ರಿಂದ ಆರಂಭವಾಗುವುದರಿಂದ ಇವು ಅದಕ್ಕೂ ಕೆಲವು ತಿಂಗಳು ಮೊದಲು ಬರುತ್ತವೆ. ಪಟ್ಟಣದಲ್ಲಿ ಅಂಗಡಿ, ಮನೆ, ನಿವೇಶನ ಇರುವ ರೈತರು ತೆರಿಗೆದಾರರಾಗಿಯೂ ಅಲ್ಲಿ ಮಾತನಾಡಬಹುದು.

ಹಳ್ಳಿ ಮತ್ತು ಪಟ್ಟಣ ಒಟ್ಟಿಗೆ ಕೂರಬೇಕಾದ ಜಾಗವೊಂದನ್ನು ಸಂವಿಧಾನವೇ ಮಾಡಿಟ್ಟಿದೆ. ಅದು ಜಿಲ್ಲಾ ಯೋಜನಾ ಸಮಿತಿ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಜಿಲ್ಲಾ ಪಂಚಾಯಿತಿ ಮತ್ತು ಪೌರಸಂಸ್ಥೆಗಳಿಂದ ಚುನಾಯಿತರಾಗಿ ಬರಬೇಕು. ನೀರು ಹಂಚಿಕೆಯಂಥ ವಿಷಯ ಅಲ್ಲಿಯೇ ತೀರ್ಮಾನವಾಗಬೇಕೆಂಬುದು ಉದ್ದೇಶ. ಆದರೆ 2016ರಲ್ಲಿ ಆರಿಸಿಬಂದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಯ ಪರವಾಗಿ ಕೂರಬೇಕಾದ ಕುರ್ಚಿಗಳು ಖಾಲಿ ಇದ್ದರೆ ತೀರ್ಮಾನ ಯಾರ ಪರವಾಗಿ ಆದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯಬೇಕೆಂದು ಒತ್ತಾಯಿಸುವುದು ರೈತ ಸಂಘಟನೆಗಳ ಕೆಲಸವೂ ಹೌದು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಮಾತಿದೆ. ಪಟ್ಟಣದ ತೀರ್ಮಾನವೂ ಹಾಗೆಯೇ, ಇಂದಲ್ಲ ನಾಳೆ ತೋಟಕ್ಕೆ ಬಂದೇ ಬರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಎತ್ತಿ: ನಮ್ಮ ಪಕ್ಕದ ಪಟ್ಟಣದ ಬಳಸಿದ ನೀರು ಯಾವ ಹಳ್ಳದಲ್ಲಿ ಇಳಿದು ಯಾವ ಕೆರೆಗೆ ಸೇರುತ್ತದೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಉಳಿದ ವಿಷಯಗಳು ತಾವಾಗಿಯೇ ಒಂದೊಂದಾಗಿ ಬೆಳಕಿಗೆ ಬರುತ್ತವೆ.